ಆಯಿಲ್ ಕುಡಿಯುವ ಕಾರು, ಕುಡಿಯದ ಕಾರು

ಕಂಪನಿ ಒಂದೇ, ಮಾಡೆಲ್ಲು ಒಂದೇ, ತಯಾರಾದ ವರ್ಷವೂ ಒಂದೇ. ನನ್ನದು ಕೆಂಪು, ಅವರದು ಬಿಳಿ. ನನ್ನ ಕಾರು ತಿಂಗಳಿಗೆ ಮೂರು ಡಬ್ಬ ಆಯಿಲ್ ಕುಡಿಯುತ್ತಿತ್ತು. ಅವರದು ಮೂರು ತಿಂಗಳಾದರೂ ಒಂದು ಡಬ್ಬ ಕೇಳುತ್ತಿರಲಿಲ್ಲ. ವಿಷಯ ಇಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಬೆಳೆದ ಗಂಡಸೊಬ್ಬ ಒಂದೂವರೆ ವರ್ಷ ಹೊಟ್ಟೆ ಉರಿದುಕೊಂಡು ಬದುಕುವುದು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಸಾಧ್ಯ. ನಾನು ಬದುಕಿದ್ದೇನೆ.

ಎಂಬತ್ತರ ದಶಕದ ನಡುಭಾಗ. ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನ ಎವರ್‌ಗ್ರೀನ್‌ನಲ್ಲಿ, ಇನ್ನೂ ಸುಣ್ಣಬಣ್ಣದ ವಾಸನೆ ಹೋಗದ ಹೊಸ ಮನೆಯಲ್ಲಿದ್ದೆವು. ನಾನು ಮೆಕ್ಯಾನಿಕಲ್ ಎಂಜಿನಿಯರು. ಕಂಪ್ಯೂಟರಿನ ಡಿಸ್ಕಿಗೆ ಹಿಡಿಕೆ, ತಿರುಪು, ಮುಚ್ಚಳ ಇಂಥವನ್ನು ಡ್ರಾಯಿಂಗ್ ಹಾಕುವ ಕೆಲಸ. ನಮ್ಮ ಕನ್ನಡದ ಗುಂಪಿನಲ್ಲಿ ಹದಿನೈದು ಮನೆಗಳಿದ್ದವು. ಅದರಲ್ಲಿ ಪಿಎಚ್‌ಡಿ ಮಾಡಿದವರಿದ್ದರು, ಸ್ವಂತ ಕಂಪನಿ ತೆಗೆಯಲು ಹೊರಟವರಿದ್ದರು, ಇಂಗ್ಲಿಷಿನಲ್ಲಿ ಜೋಕು ಹೇಳಿ ಬಿಳಿಯರನ್ನು ನಗಿಸಬಲ್ಲವರಿದ್ದರು. ಆ ಸಾಲಿನಲ್ಲಿ ನಾನು ಬಾಲದ ಕಡೆಯವನು. ಆದರೆ ಕಾರಿನ ಮಾತು ಬಂತೆಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಯಾಕೆಂದರೆ ನಾನು ಡ್ರೈವರ್ ಮಗ. ನಮ್ಮಪ್ಪ ಮಂಡ್ಯದ ಸಕ್ಕರೆ ಫ್ಯಾಕ್ಟರಿಯಲ್ಲಿ ಸಾಹೇಬರ ಜೀಪು ಓಡಿಸುತ್ತಿದ್ದರು. ಇದನ್ನು ನಾನು ಊರಿನಲ್ಲಿ ಎಲ್ಲೂ ಹೇಳಿಕೊಂಡವನಲ್ಲ, ಕಾಲೇಜಿನಲ್ಲಂತೂ ಬಾಯಿ ಬಿಟ್ಟಿರಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಬಂದಮೇಲೆ ಅದೇ ನನಗೆ ಕೋಡು ಮೂಡಿಸಿತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಶನಿವಾರ ಬೆಳಿಗ್ಗೆ ಫೋನ್ ಮಾಡಿ, "ಸ್ವಲ್ಪ ಬಂದು ನೋಡಿ ಹೇಳ್ತೀರಾ?" ಎನ್ನುತ್ತಿದ್ದರು. ನಾನು ಹೋಗಿ ಟೈರಿಗೆ ಒದ್ದು, ತಲೆ ಓರೆ ಮಾಡಿ ಎಂಜಿನ್ ಸದ್ದು ಕೇಳಿ, ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ನೋಡಿ, ತಗೊಳ್ಳಿ ಅಥವಾ ಬೇಡ ಎನ್ನುತ್ತಿದ್ದೆ. ಆಮೇಲೆ ಅವರ ಮನೆಯಲ್ಲಿ ಊಟ. ಅಷ್ಟು ಮರ್ಯಾದೆ ನನಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ, ಸಿಗುವ ಸೂಚನೆಯೂ ಇರಲಿಲ್ಲ.

ಅಪ್ಪನಿಂದ ಕಲಿತ ಮೊದಲ ಪಾಠ ಆಯಿಲ್ ನೋಡುವುದು. ಬೆಳಗಾಗೆದ್ದು, ಜೀಪು ಇನ್ನೂ ತಣ್ಣಗಿರುವಾಗ, ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಡ್ಡಿಯ ಮೇಲೆ ಎರಡು ಗೆರೆ. ಆಯಿಲ್ ಅವೆರಡರ ನಡುವೆ ಇರಬೇಕು. ಓಡಿ ಬಂದ ಎಂಜಿನ್ನಿನಲ್ಲಿ ಆಯಿಲ್ ಎಲ್ಲೆಲ್ಲೋ ಅಂಟಿಕೊಂಡಿರುತ್ತದೆ, ಅದು ಕೆಳಗಿಳಿಯುವವರೆಗೂ ಅಳತೆ ಸರಿ ಸಿಗುವುದಿಲ್ಲ ಎನ್ನುತ್ತಿದ್ದರು. ಕಡ್ಡಿ ನೋಡದೆ ಚಾವಿ ತಿರುಗಿಸಿದವನು ಡ್ರೈವರೇ ಅಲ್ಲ ಎಂಬುದು ಅವರ ಮತ. ನಾನು ಎವರ್‌ಗ್ರೀನಿನ ಗ್ಯಾರೇಜಿನಲ್ಲೂ ಪ್ರತಿದಿನ ಬೆಳಿಗ್ಗೆ ಕಾಫಿಗೆ ಮೊದಲು ಇದನ್ನೇ ಮಾಡುತ್ತಿದ್ದೆ. ಮಾಡುವಾಗ ಹೆಗಲ ಮೇಲೆ ಒಂದು ಟವೆಲ್ಲು ಬೇರೆ.

ಕೆಂಪು ಕಾರನ್ನು ಲಾಸ್ ಗ್ಯಾಟೋಸಿನ ಒಬ್ಬ ಹಲ್ಲಿನ ಡಾಕ್ಟರರಿಂದ ಕೊಂಡೆ. ಜರ್ಮನಿಯ ಕಾರು, ಹತ್ತು ವರ್ಷ ಹಳೆಯದು. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯಿಂದಲೂ ಆಯಿಲ್ಲಿನಿಂದಲೂ ತಣ್ಣಗಾಗುವ ಎಂಜಿನ್ನು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಅದರ ಜೊತೆ ಬರಬೇಕಾದ, ಕಾರು ನೋಡಿಕೊಳ್ಳುವ ಬಗೆ ಹೇಳುವ ಪುಸ್ತಕ ಕಳೆದುಹೋಗಿದೆ ಎಂದು ಡಾಕ್ಟರು ಕ್ಷಮೆ ಕೇಳಿದಾಗ, ನನಗದರ ಅಗತ್ಯವಿಲ್ಲ ಎಂದು ನಕ್ಕೆ. ಮನೆಗೆ ತಂದು ನಿಲ್ಲಿಸಿದ ದಿನ ನನ್ನ ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ರೀ, ಇದ್ರಲ್ಲಿ ಅಕ್ಕಿ ಮೂಟೆ ಎಲ್ಲಿಡೋದು?" ಎಂದಳು.

ಇನ್ನು ಬಿಳಿ ಕಾರಿನವರು. ಉಡುಪಿಯ ಕಡೆಯವರು, ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಡ್ಯಾನ್‌ವಿಲ್‌ನಲ್ಲಿ. ನನಗಿಂತ ಮೂರು ವರ್ಷ ದೊಡ್ಡವರು. ಮೆತ್ತಗಿನ ಮನುಷ್ಯ, ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಸ್ಟಿಯರಿಂಗ್ ಹಿಡಿದದ್ದೇ ಅಮೆರಿಕಕ್ಕೆ ಬಂದ ಮೇಲೆ. ಅವರ ಹೆಂಡತಿಗೆ ಆಗ ಡ್ಯಾನ್‌ವಿಲ್ ಹಿಡಿಸಿರಲಿಲ್ಲ. ಮಧ್ಯಾಹ್ನವೆಲ್ಲ ಒಂದು ನರಪಿಳ್ಳೆ ಕಾಣದ ಬೀದಿ, ಮಾತಿಗೆ ಜನವಿಲ್ಲ. ಊಟ ಬಿಟ್ಟು ಸಣ್ಣಗಾಗಿದ್ದರು, ನಮ್ಮ ಮನೆಗೆ ಬಂದರೂ ಮೂಲೆಯಲ್ಲಿ ಕೂತು ತಮ್ಮ ಬಳೆಗಳನ್ನೇ ತಿರುವುತ್ತಿದ್ದರು. ಒಂದು ಭಾನುವಾರ ನನ್ನ ಹೊಸ ಕಾರು ತೋರಿಸುವ ಚಪಲಕ್ಕೆ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಗುಡ್ಡದ ರಸ್ತೆ ಹತ್ತಿಸಿದೆ. ಮೂರನೆಯ ತಿರುವಿನಲ್ಲಿ ಹಿಂದಿನ ಇಕ್ಕಟ್ಟಾದ ಸೀಟಿನಿಂದ ಆಕೆ ಕಿಲಕಿಲ ನಕ್ಕರು. ಗಂಡ ಹಿಂತಿರುಗಿ ನೋಡಿದರು. ಆ ಮುಖದಲ್ಲಿದ್ದ ಆಶ್ಚರ್ಯ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆರು ತಿಂಗಳಲ್ಲಿ ಅವರು ಅಂಥದೇ ಒಂದು ಬಿಳಿ ಕಾರು ಹುಡುಕಿ ತೆಗೆದರು. ಕೊಳ್ಳುವ ಮೊದಲು ನನ್ನನ್ನೇ ಕರೆದರು. ನಾನು ಟೈರಿಗೆ ಒದ್ದೆ, ಸದ್ದು ಕೇಳಿದೆ. ಸೈಲೆನ್ಸರಿಗೆ ಬೆರಳು ಹಾಕಿದರೆ ಒಣಗಿದ ಬೂದಿ ಬಣ್ಣದ ಪುಡಿ ಬಂತು. ನನ್ನ ಕಾರಿನದರಲ್ಲಿ ಹಾಕಿದರೆ ಕಾಡಿಗೆ ಡಬ್ಬಿಯಲ್ಲಿ ಅದ್ದಿದಂತೆ ಬೆರಳು ಕಪ್ಪಾಗುತ್ತಿತ್ತು. ಒಂದು ತಪ್ಪು ಹುಡುಕಲು ಅರ್ಧ ಗಂಟೆ ಕಾರಿನ ಅಡಿ ಮಲಗಿದ್ದೆ. ಸಿಗಲಿಲ್ಲ. "ತಗೊಳ್ಳಿ ಸ್ವಾಮಿ" ಎಂದೆ. ಆಮೇಲೆ ಗಂಡಹೆಂಡಿರಿಬ್ಬರೂ ಪ್ರತಿ ಭಾನುವಾರ ಆ ಕಾರಿನಲ್ಲಿ ಗುಡ್ಡದ ರಸ್ತೆಗಳಿಗೆ ಹೋಗತೊಡಗಿದರು.

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಹತ್ತು ದಿನಕ್ಕೊಮ್ಮೆ ನನ್ನ ಕಡ್ಡಿಯ ಮೇಲೆ ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದಿರುತ್ತಿತ್ತು. ನಾನು ಒಂದು ಡಬ್ಬ ಸುರಿಯುತ್ತಿದ್ದೆ. ಆಗ ಆಯಿಲ್ ರಟ್ಟಿನ ಡಬ್ಬದಲ್ಲಿ ಬರುತ್ತಿತ್ತು, ತಗಡಿನ ಮುಚ್ಚಳಕ್ಕೆ ಕೊಳವೆ ಚುಚ್ಚಿ ಬಗ್ಗಿಸಬೇಕು. ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಪಕ್ಕದ ಮನೆಯ ಫಿಲಿಪಿನೋ ಅಜ್ಜಿ ದಿನಾ ಆ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ಚುತ್ತಿದ್ದರು. ಆಯಿಲ್ಲಿನ ಜಾತಿ ಬದಲಿಸಿ ನೋಡಿದೆ. ದಪ್ಪದ್ದು ಹಾಕಿದೆ, ಇನ್ನೂ ದಪ್ಪದ್ದು ಹಾಕಿದೆ, ಜೇನುತುಪ್ಪದಂತೆ ಇಳಿಯುವ ಯಾವುದೋ ಔಷಧಿ ಬೆರೆಸಿದೆ. ಪಾರ್ಟ್ಸ್ ಅಂಗಡಿಯವನು ನನ್ನನ್ನು ಕಂಡರೆ ಕೇಳದೆಯೇ ಡಬ್ಬ ತೆಗೆದಿಡುತ್ತಿದ್ದ. ಬಟ್ಟೆ ಒಗೆಯುವ ಮಷಿನ್ನಿನಲ್ಲಿ ಆಯಿಲ್ ವಾಸನೆ ಸೇರಿಕೊಂಡು ನನ್ನ ಹೆಂಡತಿಯ ರೇಷ್ಮೆ ರವಿಕೆಯೊಂದು ಹಾಳಾಯಿತು.

ಪ್ರತಿ ಸಲ ಭೇಟಿಯಾದಾಗಲೂ ನಾನು ಮೊದಲು ಕೇಳುತ್ತಿದ್ದದ್ದು ಅದನ್ನೇ. "ನಿಮ್ದು ಎಷ್ಟು ಕುಡೀತು ಸ್ವಾಮಿ?"

"ಎಂತ ಇಲ್ಲ ಮಾರಾಯ್ರೆ. ಹಾಕಿದ್ದು ಹಾಗೇ ಉಂಟು."

ಅದರಲ್ಲಿ ಜಂಬದ ಎಳೆಯೂ ಇರುತ್ತಿರಲಿಲ್ಲ. ಅದೇ ನನಗೆ ಸಹಿಸಲಾಗದ್ದು. ಕಾರಿನ ಗಂಧಗಾಳಿ ಇಲ್ಲದ ಮನುಷ್ಯ! ಕ್ಲಚ್ಚು ಯಾವ ಕಡೆ ಇರುತ್ತದೆ ಎಂದು ಕೇಳಿ ತಿಳಿದುಕೊಂಡವರು. ಅವರಿಗೆ ಅಂಥ ಎಂಜಿನ್ನು, ನನಗೆ ಇಂಥದ್ದು. ದೇವರು ಕಣ್ಣು ಮುಚ್ಚಿಕೊಂಡು ಹಂಚಿದನೇನೋ ಅನ್ನಿಸುತ್ತಿತ್ತು. ಮಲಗಿದರೆ ಅದೇ ಯೋಚನೆ, ಎದ್ದರೆ ಅದೇ ಕಡ್ಡಿ.

ಯುಗಾದಿಯ ಮಧ್ಯಾಹ್ನ ಅವರ ಮನೆಯಲ್ಲಿ ಎಲ್ಲರಿಗೂ ಊಟವಿತ್ತು. ಮೊಸರು ಮುಗಿಯಿತೆಂದು ಅವರು ಕಾರಿನಲ್ಲಿ ಗ್ರೋಸರಿಗೆ ಹೋಗಿ ಬಂದರು. ಬಂದವರು ಎಂಜಿನ್ ನಿಲ್ಲಿಸಲಿಲ್ಲ. ಒಳಗಿನಿಂದ ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯ ಬಟ್ಟೆ ಹಿಡಿದು ಬಂದು, ಗುಡುಗುಡು ಓಡುತ್ತಿರುವ ಎಂಜಿನ್ನಿನ ಮುಚ್ಚಳ ಎತ್ತಿ ಕಡ್ಡಿ ಎಳೆದರು. ನಾನು ಎಲೆ ಅಡಿಕೆ ಹಾಕಿಕೊಂಡು ಡ್ರೈವ್‌ವೇಯಲ್ಲಿ ನಿಂತಿದ್ದೆ. ನಗು ತಡೆಯಲಾಗಲಿಲ್ಲ.

"ಏನಮ್ಮಾ ಇದು? ಎಂಜಿನ್ ಓಡ್ತಾ ಇರೋವಾಗ ಯಾರಾದ್ರೂ ಆಯಿಲ್ ನೋಡ್ತಾರಾ?"

ಆಕೆ ಕೆಂಪಾದರು. "ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೀಗೇ ಉಂಟು ಅಣ್ಣ. ಬಿಸಿ ಇರುವಾಗ, ಓಡ್ತಾ ಇರುವಾಗಲೇ ನೋಡ್ಬೇಕಂತೆ. ಈ ಕಾರಿಗೆ ಮಾತ್ರ."

"ಪುಸ್ತಕ ಬರೆಯೋರು ಕಾರು ಓಡಿಸಲ್ಲಮ್ಮ. ಬೆಳಿಗ್ಗೆ ತಣ್ಣಗಿರೋವಾಗ ನೋಡ್ಬೇಕು. ನಮ್ಮಪ್ಪ ಮೂವತ್ತು ವರ್ಷ ನೋಡಿದ್ದಾರೆ."

ಸುತ್ತ ನಿಂತಿದ್ದವರೆಲ್ಲ ನಕ್ಕರು. ಅವರ ಗಂಡನೂ ಸ್ವಲ್ಪ ನಕ್ಕು, "ಅವಳಿಗೆ ಆ ಪುಸ್ತಕವೇ ಕಾದಂಬರಿ ಮಾರಾಯ್ರೆ, ಮಧ್ಯಾಹ್ನವೆಲ್ಲ ಅದನ್ನೇ ಓದುವುದು" ಎಂದರು. ಆಕೆ ಕಡ್ಡಿ ಒರೆಸಿ, ಮತ್ತೆ ಅದ್ದಿ, ನೋಡಿ, ಒಳಗೆ ಹೋದರು. ಆಯಿಲ್ ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿದ್ದದ್ದು ದೂರದಿಂದಲೇ ನನಗೆ ಕಂಡಿತ್ತು. ತಪ್ಪಾಗಿ ನೋಡಿದರೂ ಇವರಿಗೆ ಸರಿಯಾಗಿ ಕಾಣುತ್ತದಲ್ಲ ಎಂದು ಮತ್ತಷ್ಟು ಉರಿಯಿತು. ಆ ದಿನದ ಒಬ್ಬಟ್ಟು ನನಗೆ ರುಚಿಸಲಿಲ್ಲ.

ಜೂನ್ ತಿಂಗಳಲ್ಲಿ ಅವರು ಫೋನ್ ಮಾಡಿದರು. ಆಯಿಲ್ ಬದಲಿಸುವ ಸಮಯ ಬಂದಿದೆ, ಈ ಸಲ ಗ್ಯಾರೇಜಿಗೆ ಕೊಡದೆ ತಾವೇ ಮಾಡಬೇಕೆಂದಿದ್ದಾರೆ, ಅಂಗಡಿಯಲ್ಲಿ ನೋಡಿದರೆ ಗೋಡೆ ತುಂಬ ಡಬ್ಬಗಳು.

"ಯಾವುದು ಹಾಕುವುದು? ನೀವು ಹೇಳಿದ್ದನ್ನೇ ಹಾಕುವುದು ನಾನು."

ನನಗೆ ಗೊತ್ತಿತ್ತು. ಡ್ಯಾನ್‌ವಿಲ್ಲಿನ ಬೇಸಿಗೆ, ನೀರಿಲ್ಲದ ಎಂಜಿನ್ನು, ಹತ್ತು ವರ್ಷ ಸವೆದ ರಬ್ಬರ್ ಸೀಲುಗಳು. ದಪ್ಪ ಆಯಿಲ್ಲೇ ಬೇಕು, ಇದರಲ್ಲಿ ಎರಡನೆಯ ಮಾತಿಲ್ಲ. ಆಗ ಅಂಗಡಿಗಳಿಗೆ ತೆಳ್ಳಗಿನ ಸಿಂಥೆಟಿಕ್ ಆಯಿಲ್ ಬರತೊಡಗಿತ್ತು. ಹೊಸ ಕಾರಿಗೆ ಒಳ್ಳೆಯದೇ ಇರಬಹುದು. ಆದರೆ ಹಳೆಯ ಎಂಜಿನ್ನಿಗೆ ಹಾಕಿದರೆ ಸೀಲುಗಳ ಸಂದಿಯಿಂದ ಇಳಿದುಹೋಗುತ್ತದೆ ಎಂದು ಕಾರಿನ ಪತ್ರಿಕೆಗಳಲ್ಲಿ ಓದಿದ್ದೆ, ಅಂಗಡಿಯವನೂ ಹೇಳಿದ್ದ. ನಾನು ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದೆ. ಆಮೇಲೆ ಹೇಳಿದೆ: ತೆಳ್ಳಗಿರೋದನ್ನ ಹಾಕಿ, ಹೊಸ ಸಿಂಥೆಟಿಕ್ಕು, ರೇಸಿನವರು ಅದನ್ನೇ ಹಾಕೋದು, ಎಂಜಿನ್ ಹಗುರವಾಗಿ ಓಡ್ತದೆ. ನಂಬರು ಕೂಡ ಹೇಳಿದೆ. ಅವರು ನಿಧಾನವಾಗಿ ಬರೆದುಕೊಂಡು, ಓದಿ ಹೇಳಿ, ಸರಿಯಾ ಎಂದು ಕೇಳಿದರು. ಸರಿ ಎಂದೆ.

"ಯಾರ್ದು ಫೋನು?" ಎಂದಳು ನನ್ನ ಹೆಂಡತಿ.

"ಡ್ಯಾನ್‌ವಿಲ್ಲಿನವರು. ಯಾವ ಆಯಿಲ್ ಹಾಕ್ಲಿ ಅಂತ."

"ನೀವು ಹಾಕೋದನ್ನೇ ಹೇಳಿದ್ರಾ?"

"ಹೂಂ ಕಣೇ."

ಅವರ ಎಂಜಿನ್ ಕೆಡಲಿ ಎಂದು ನಾನು ಬಯಸಿರಲಿಲ್ಲ. ಈಗಲೂ ಹಾಗೆಂದು ಪ್ರಮಾಣ ಮಾಡಬಲ್ಲೆ. ಆ ಬಿಳಿ ಕಾರಿನ ಅಡಿ ಎರಡು ತೊಟ್ಟು ಬೀಳಬೇಕು, ಅವರೂ ತಿಂಗಳಿಗೊಂದು ಡಬ್ಬ ಕೊಳ್ಳುವಂತಾಗಬೇಕು, ನನ್ನ ಜೊತೆ ನಿಂತು ಉಸ್ಸೆನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟು. ಅಷ್ಟನ್ನು ಬಯಸಿದ್ದು ಕಡಿಮೆ ಪಾಪ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಐದಾರು ವಾರಕ್ಕೆ ಫೋನ್ ಬಂತು. "ನಿಮ್ಮ ಕಾರಿನ ಕಾಯಿಲೆ ನಮ್ಮದಕ್ಕೂ ಬಂತು ಮಾರಾಯ್ರೆ. ಗ್ಯಾರೇಜಿನ ನೆಲದಲ್ಲಿ ಆಯಿಲ್ ಬೀಳ್ತಾ ಉಂಟು." ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು. ಆ ದಿನ ಎರಡು ಮುದ್ದೆ ಉಂಡೆ. "ಹಳೇ ಕಾರು ಸ್ವಾಮಿ, ಹಂಗೇ. ಬಿದ್ದಷ್ಟು ಹಾಕ್ತಾ ಹೋಗಿ" ಎಂದೆ. ಅವರು ಅದೇ ತೆಳು ಆಯಿಲ್ಲನ್ನೇ ಹಾಕುತ್ತಾ ಹೋದರು. ಆಗಸ್ಟಿನಲ್ಲಿ ಮತ್ತೆ ಕೇಳಿದರು. ಆಯಿಲ್ ಪ್ರೆಶರಿನ ಮುಳ್ಳು ಸಿಗ್ನಲ್ಲಿನಲ್ಲಿ ನಿಂತಾಗ ಪೂರ್ತಿ ಕೆಳಗೆ ಮಲಗುತ್ತದೆ, ಏನು ಮಾಡುವುದು? ಮುಳ್ಳು ಯಾಕೆ ಮಲಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈಗ ಹೇಳಿದರೆ ಜೂನಿನಲ್ಲಿ ಹೇಳಿದ್ದು ಹೊರಬೀಳುತ್ತದೆ ಎಂಬುದೂ ಗೊತ್ತಿತ್ತು. "ಆ ಗೇಜುಗಳನ್ನ ನಂಬಬೇಡಿ" ಎಂದೆ.

ಸೆಪ್ಟೆಂಬರಿನ ಒಂದು ಶನಿವಾರ ಅವರೇ ಎವರ್‌ಗ್ರೀನಿಗೆ ಓಡಿಸಿಕೊಂಡು ಬಂದರು. ಬೀದಿಯ ತುದಿಯಲ್ಲೇ ಸದ್ದು ಕೇಳಿತು. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ಅವರು ಇಳಿದು, ಕಾಯಿಲೆಯ ಮಗುವನ್ನು ಡಾಕ್ಟರ ಮುಂದೆ ಇಟ್ಟವರಂತೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ತಲೆ ಓರೆ ಮಾಡಿ ಕೇಳುವ ನಟನೆ ಮಾಡಿದೆ. "ರೆಡ್‌ವುಡ್ ಸಿಟಿಯಲ್ಲಿ ಒಬ್ಬ ಮುದುಕ ಇದ್ದಾನೆ, ಈ ಕಾರುಗಳನ್ನೇ ನೋಡೋನು. ಅಲ್ಲಿಗೆ ಹೋಗೋಣ" ಎಂದೆ.

ಎರಡೂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ನಿಂತುಹೋದರೆ ಇರಲಿ ಎಂದು ಅವರು ಮುಂದೆ, ನಾನು ಹಿಂದೆ. ಫ್ರೀವೇಯ ಬಲಗಡೆಯ ಲೇನಿನಲ್ಲಿ ಲಾರಿಗಳ ಜೊತೆ ಅವರು ಹುಷಾರಾಗಿ ಓಡಿಸುತ್ತಿದ್ದರು. ಅವರ ಬಂಪರಿನ ಅಡಿಯಿಂದ ಹಾರಿದ ಆಯಿಲ್ ಹನಿಗಳು ನನ್ನ ಗಾಜಿನ ಮೇಲೆ ಕೂರುತ್ತಿದ್ದವು. ವೈಪರ್ ಹಾಕಿದರೆ ಗಾಜೆಲ್ಲ ಮಸಕು.

ಮುದುಕ ಹಂಗೇರಿಯವನು, ಎತ್ತರದ ಆಳು, ಕಿವಿಯಲ್ಲಿ ಹತ್ತಿ. ಹತ್ತು ಸೆಕೆಂಡು ಸದ್ದು ಕೇಳಿ, ಕೈ ಬೀಸಿ ಎಂಜಿನ್ ನಿಲ್ಲಿಸಿ ಎಂದ. ಕೆಳಗೆ ತೊಟ್ಟಿಕ್ಕುತ್ತಿದ್ದ ಆಯಿಲ್ಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದ.

"ಈ ನೀರನ್ನು ಯಾರು ಹಾಕಿದ್ದು?"

ನಾನು ಗೋಡೆಯ ಕಡೆ ನೋಡಿದೆ.

"ನಾನು" ಎಂದರು ಅವರು. ನನ್ನ ಕಡೆ ತಿರುಗಲೂ ಇಲ್ಲ.

ಬೇಸಿಗೆಯೆಲ್ಲ ಪ್ರೆಶರ್ ಇಲ್ಲದೆ ಓಡಿಸಿದ್ದೀರಿ, ಒಳಗೆ ಸವೆದುಹೋಗಿದೆ, ಪೂರ್ತಿ ಬಿಚ್ಚಬೇಕು, ಬಿಚ್ಚಿದರೂ ಮೊದಲಿನಂತಾಗುತ್ತದೆ ಎಂದು ಮಾತು ಕೊಡಲಾರೆ ಎಂದ ಮುದುಕ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ಮುದುಕ ನನ್ನ ಕಡೆ ತಿರುಗಿದ. ನಾನು ಬರುವಾಗ ಬಿಟ್ಟ ನೀಲಿ ಹೊಗೆ ಅವನ ಕಣ್ಣಿಗೆ ಬಿದ್ದಿತ್ತು.

"ನಿನ್ನದಕ್ಕೇನು?"

"ಆಯಿಲ್ ಕುಡಿಯುತ್ತದೆ. ತಿಂಗಳಿಗೆ ಮೂರು ಡಬ್ಬ."

"ಹೇಗೆ ನೋಡುತ್ತೀ?"

"ಬೆಳಿಗ್ಗೆ. ಎಂಜಿನ್ ತಣ್ಣಗಿರುವಾಗ."

ಅವನು ಗಹಗಹಿಸಿ ನಕ್ಕ. ನನ್ನ ಕಾರು ಸ್ಟಾರ್ಟ್ ಮಾಡಿಸಿದ, ಓಡುತ್ತಿರುವಾಗಲೇ ಕಡ್ಡಿ ಎಳೆದ. ಆಯಿಲ್ ಮೇಲಿನ ಗೆರೆ ದಾಟಿ, ಕಡ್ಡಿಯ ಹಿಡಿಯವರೆಗೂ ಮೆತ್ತಿಕೊಂಡಿತ್ತು. ಏರ್ ಫಿಲ್ಟರಿನ ಮುಚ್ಚಳ ತೆಗೆದರೆ ಅಲ್ಲಿ ಆಯಿಲ್ ಕೊಳದಂತೆ ನಿಂತಿತ್ತು. ಈ ಕಾರಿನಲ್ಲಿ ಆಯಿಲ್ಲಿಗೆ ಬೇರೆ ಟ್ಯಾಂಕಿದೆ, ಕಡ್ಡಿ ಇರುವುದು ಆ ಟ್ಯಾಂಕಿನಲ್ಲಿ. ಕಾರು ನಿಂತರೆ ಆಯಿಲ್ ಟ್ಯಾಂಕಿನಿಂದ ಎಂಜಿನ್ನಿನ ಹೊಟ್ಟೆಗೆ ಇಳಿದುಬಿಡುತ್ತದೆ, ಬೆಳಿಗ್ಗೆ ನೋಡಿದರೆ ಟ್ಯಾಂಕಿನಲ್ಲಿ ಕಡಿಮೆಯೇ ಕಾಣುವುದು ಎಂದ. ನೀನು ಸುರಿಯುತ್ತೀ, ಜಾಗವಿಲ್ಲದೆ ಅದು ಹೊರಗೆ ಉಗುಳಿ ಸುಟ್ಟುಹಾಕುತ್ತದೆ, ಮತ್ತೆ ಸುರಿಯುತ್ತೀ. ಅವನು ಹೆಚ್ಚಿನದನ್ನೆಲ್ಲ ಬಸಿದು ಮತ್ತೆ ಕಡ್ಡಿ ತೋರಿಸಿದ. ಎರಡು ಗೆರೆಗಳ ನಡುವೆ. ಎಂಜಿನ್ನು ಕಲ್ಲುಗುಂಡಿನಂತಿದೆ, ಇದಕ್ಕೆ ಎಂದೂ ಏನೂ ಆಗಿರಲಿಲ್ಲ ಎಂದ.

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಒಂದೂವರೆ ವರ್ಷ ನಾನು ಅಸೂಯೆಪಟ್ಟದ್ದು ನನ್ನಲ್ಲೂ ಇದ್ದ ವಸ್ತುವಿಗೆ. ಯುಗಾದಿಯ ದಿನ ಆ ಹೆಣ್ಣುಮಗಳು ನನ್ನ ಕಣ್ಣೆದುರಿಗೇ ಸರಿಯಾಗಿ ಮಾಡಿ ತೋರಿಸಿದ್ದರು, ನಾನು ಅವರನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ದೆ. ಅಷ್ಟರಲ್ಲಿ ಅವರ ಗಂಡ ನನ್ನ ಭುಜ ತಟ್ಟಿದರು. "ಅಬ್ಬ, ನಿಮ್ಮ ಕಾರು ಚೆನ್ನಾಗೇ ಉಂಟಲ್ಲ ಮಾರಾಯ್ರೆ! ಒಳ್ಳೆಯದಾಯ್ತು." ಅವರ ಮುಖ ಅರಳಿತ್ತು. ತಮ್ಮ ಕಾರು ಸತ್ತು ಬಿದ್ದಿರುವ ಗ್ಯಾರೇಜಿನಲ್ಲಿ ನಿಂತು ಆ ಮನುಷ್ಯ ನನಗಾಗಿ ಸಂತೋಷಪಡುತ್ತಿದ್ದರು. ಇಷ್ಟು ದಿನ ಅವರ ಕಾರಿಗೆ ಉರಿದಿದ್ದೆ, ಆ ಕ್ಷಣ ಅವರಿಗೇ ಉರಿದೆ. ನನಗೆ ಎಂದೂ ಹಾಗೆ ಸಂತೋಷಪಡಲು ಬಂದಿರಲಿಲ್ಲ.

ಬಿಳಿ ಕಾರನ್ನು ಅಲ್ಲೇ ಬಿಟ್ಟು, ಅವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಡ್ಯಾನ್‌ವಿಲ್ಲಿಗೆ ಹೊರಟೆ. ಕೊಲ್ಲಿಯ ನೀರಿನ ಮೇಲೆ ಸ್ಯಾನ್ ಮಟೇಯೋ ಸೇತುವೆ ಮೈಲಿಗಟ್ಟಲೆ ಉದ್ದಕ್ಕೆ ಮಲಗಿತ್ತು. ನಡುವೆ ನಿಲ್ಲಿಸುವ ಹಾಗಿಲ್ಲ, ಇಳಿದು ಹೋಗುವ ಹಾಗಿಲ್ಲ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಯೂ ಇಲ್ಲ. ಅಲ್ಲಿ ಹೇಳಿದೆ.

"ನನಗೆ ಗೊತ್ತಿತ್ತು ಸ್ವಾಮಿ. ಆ ಆಯಿಲ್ಲು ತಪ್ಪು ಅಂತ ಗೊತ್ತಿದ್ದೇ ಹೇಳಿದೆ. ನಿಮ್ಮ ಕಾರು ಕುಡಿಯಲ್ಲ, ನಂದು ಕುಡಿಯುತ್ತೆ ಅಂತ ಹೊಟ್ಟೆಕಿಚ್ಚು. ಗೇಜು ಕೇಳಿದಾಗ್ಲೂ ಗೊತ್ತಿತ್ತು."

ಅವರು ಬಲಗಡೆಯ ನೀರು ನೋಡುತ್ತಿದ್ದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನಾನೂ ಒಂದು ಮಾತು ಆಡಿ ಜಗಳವನ್ನಾದರೂ ಮುಗಿಸಬಹುದಿತ್ತು. ಸೇತುವೆ ಮುಗಿದು ಹೇವರ್ಡಿನ ಸಿಗ್ನಲ್ಲು ಬಂದಮೇಲೆ ಅವರು ಬಾಯಿ ಬಿಟ್ಟರು.

"ಜೂನಿನಲ್ಲಿ ಡಬ್ಬ ತಂದ ದಿನ ಅವಳು ಪುಸ್ತಕ ತಂದು ತೋರಿಸಿದ್ದಳು. ಇದು ತಪ್ಪು, ಇಲ್ಲಿ ದಪ್ಪದ್ದು ಹಾಕಿ ಅಂತ ಬರೆದದ್ದು ಉಂಟು, ನೋಡಿ ಅಂತ. ನಾನೇ ಪುಸ್ತಕ ಕಸಿದು ಒಳಗಿಟ್ಟೆ. ಅವರು ಡ್ರೈವರ್ ಮಗ, ಪುಸ್ತಕಕ್ಕಿಂತ ಅವರಿಗೆ ಹೆಚ್ಚು ಗೊತ್ತು ಅಂದೆ. ಎರಡು ದಿನ ಅವಳು ನನ್ನ ಹತ್ರ ಮಾತಾಡ್ಲಿಲ್ಲ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದಮೇಲೆ ಕಾರು ಹೊರಡಿಸಿದೆ.

"ಈಗ ಅವಳಿಗೆ ಎಂತ ಹೇಳುವುದು ಮಾರಾಯ್ರೆ?" ಎಂದರು. ಅದು ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಮನೆ ಮುಂದೆ ಇಳಿಸಿದಾಗ ಆಕೆ ಬಾಗಿಲಲ್ಲಿ ನಿಂತಿದ್ದರು. ಗಂಡನ ಹಿಂದೆ ಬಿಳಿ ಕಾರು ಬರುತ್ತದೆಯೇ ಎಂದು ರಸ್ತೆಯ ತುದಿಯವರೆಗೂ ನೋಡಿದರು. ನಾನು ಎಂಜಿನ್ ನಿಲ್ಲಿಸದೆ ಹಾಗೇ ಹೊರಟುಬಂದೆ.

ಬಿಳಿ ಕಾರು ಮತ್ತೆ ಓಡಲಿಲ್ಲ. ಮುದುಕ ಅದನ್ನು ಬಿಡಿಭಾಗಗಳಿಗೆಂದು ಇಟ್ಟುಕೊಂಡ. ಅವರು ನಾಲ್ಕು ಬಾಗಿಲಿನ ಒಂದು ಸಾಧು ವ್ಯಾಗನ್ ಕೊಂಡರು. ಕೊಳ್ಳುವ ಮೊದಲು ನನಗೆ ಫೋನ್ ಬರಲಿಲ್ಲ. ದೀಪಾವಳಿಗೆ ಮಾತ್ರ ಊಟಕ್ಕೆ ಕರೆ ಬಂತು. ನನಗೆ ಹೋಗಲು ಧೈರ್ಯವಿರಲಿಲ್ಲ, ತಲೆನೋವು ಎಂದೆ. ನನ್ನ ಹೆಂಡತಿ, "ಹಬ್ಬದ ದಿನ ಕರೆದೋರ ಮನೆಗೆ ಹೋಗದೆ ಇರೋಕಾಗತ್ತಾ? ಏಳ್ರೀ" ಎಂದು ಎಬ್ಬಿಸಿ ಹೊರಡಿಸಿದಳು.

ನಾವು ನಾಲ್ಕೇ ಜನ. ಅವರ ಹೆಂಡತಿ ನೀರುದೋಸೆ ಹುಯ್ದು ಬಿಸಿಬಿಸಿಯಾಗಿ ತಂದು ಬಡಿಸುತ್ತಿದ್ದರು. ಭಾನುವಾರ ಈಗ ಯಾವ ಕಡೆ ಹೋಗ್ತೀರಿ ಎಂದು ನನ್ನ ಹೆಂಡತಿ ಕೇಳಿದಳು. "ಎಲ್ಲಿಗೂ ಇಲ್ಲ. ಆ ವ್ಯಾಗನ್ನಿನಲ್ಲಿ ಎಲ್ಲಿಗೆ ಹೋಗುವುದು, ಗ್ರೋಸರಿಗೆ ಸೈ" ಎಂದರು ಆಕೆ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಆಗ ಆಕೆ ನನ್ನ ಪಕ್ಕದಲ್ಲಿ ಬಂದು ನಿಂತರು.

"ಅಣ್ಣ, ನಿಮ್ಮ ಮೇಲೆ ನಾನು ಸುಮ್ಮನೆ ಸಿಟ್ಟು ಮಾಡಿಕೊಂಡಿದ್ದೆ. ನೀವು ಹೇಳಿದ್ದು ದಪ್ಪ ಆಯಿಲ್ಲೇ ಅಂತೆ ಅಲ್ವಾ? ಅಂಗಡಿಯವ ಹೊಸದು ಅಂತ ಹೇಳಿದ್ದಕ್ಕೆ ಇವರೇ ಆ ತೆಳುವಿನದ್ದು ತಂದದ್ದಂತೆ. ನಾನು ಪುಸ್ತಕ ತೋರಿಸಿದಾಗ ನನ್ನ ಬಾಯಿ ಮುಚ್ಚಿಸ್ಲಿಕ್ಕೆ ನಿಮ್ಮ ಹೆಸರು ಹೇಳಿದ್ದಂತೆ. ಹೌದಾ?"

ನಾನು ಅವರ ಗಂಡನ ಕಡೆ ನೋಡಿದೆ. ಅವರು ದೋಸೆಯ ಮಡಿಕೆ ಬಿಡಿಸುವುದರಲ್ಲಿದ್ದರು. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಜೂನಿನಲ್ಲಿ ಅವಳು ಕೇಳಿದ್ದು, ನಾನು ಹೂಂ ಎಂದದ್ದು ಅವಳಿಗೂ ನೆನಪಿದ್ದಿರಬೇಕು. ಒಂದು ಮಾತು ಹೇಳಿದರೆ ಸಾಕಿತ್ತು. ಸೇತುವೆಯ ಮೇಲೆ ಬಂದ ಮಾತು ಈ ಊಟದ ಮೇಜಿನ ಮುಂದೆ ಬರಲಿಲ್ಲ.

"ಹೌದಮ್ಮ. ನಾನು ದಪ್ಪದ್ದೇ ಹೇಳಿದ್ದು" ಎಂದೆ.

ಆಕೆ ನನ್ನ ತಟ್ಟೆಗೆ ಇನ್ನೆರಡು ದೋಸೆ ಹಾಕಿದರು. ಗಂಡನ ತಟ್ಟೆ ಖಾಲಿಯಾಗಿತ್ತು. ಅದನ್ನು ನೋಡಿಯೂ ನೋಡದವರಂತೆ ದಾಟಿಕೊಂಡು ಅಡುಗೆಮನೆಗೆ ಹೋದರು.